ಐಗಳ ಮಠದಿಂದ ಕೌನ್ಸೆಲಿಂಗ್‌ವರೆಗೆ: ಶಿಕ್ಷಕರ ಪ್ರತಿಭೆಯ ನೆಲೆ ಮತ್ತು ಬೆಲೆ



‘ಟ್ಯಾಲೆಂಟ್ ಮ್ಯಾನೇಜ್‌ಮೆಂಟ್’ ಎಂಬ ಮಾತು ಈಗ ಕಂಪನಿಗಳ ಕಚೇರಿಯನ್ನು ದಾಟಿ ಶಿಕ್ಷಣದ ವಿಚಾರ ಸಂಕಿರಣಗಳಿಗೂ ಬಂದಿದೆ. ಕನ್ನಡದಲ್ಲಿ ‘ಪ್ರತಿಭಾ ನಿರ್ವಹಣೆ’ ಎನ್ನಬಹುದು. ಮಾತು ದೊಡ್ಡದಾಗಿ ಕಂಡರೂ ತಿರುಳು ಸರಳವಾದದ್ದು. ಯೋಗ್ಯರನ್ನು ಆರಿಸಿಕೊಳ್ಳಬೇಕು, ಅವರನ್ನು ತಿದ್ದಿ ಬೆಳೆಸಬೇಕು, ತಕ್ಕ ಜಾಗದಲ್ಲಿ ಇರಿಸಬೇಕು, ಬೇಸತ್ತು ಹೋಗದಂತೆ ಉಳಿಸಿಕೊಳ್ಳಬೇಕು. ಈ ನಾಲ್ಕೂ ಸರಿಯಾಗಿ ನಡೆದರೆ ಕೆಲಸ ಚೆನ್ನಾಗಿ ನಡೆಯುತ್ತದೆ ಎಂಬುದು ಇದರ ಹಿಂದಿರುವ ನಂಬಿಕೆ.

1997ರಲ್ಲಿ ಅಮೆರಿಕದ ಮೆಕಿನ್ಸೆ ಎಂಬ ಸಲಹಾ ಸಂಸ್ಥೆಯು ‘ಪ್ರತಿಭೆಗಾಗಿ ಸಮರ’ ಎಂಬ ಮಾತನ್ನು ಹುಟ್ಟುಹಾಕಿತು. 2001ರಲ್ಲಿ ಅದೇ ಹೆಸರಿನ ಪುಸ್ತಕವೂ ಬಂತು. ಆ ಪುಸ್ತಕದಲ್ಲಿ ಬಹುವಾಗಿ ಹೊಗಳಿಸಿಕೊಂಡಿದ್ದ ಎನ್ರಾನ್ ಕಂಪನಿ ಅದೇ ವರ್ಷದ ಡಿಸೆಂಬರಿನಲ್ಲಿ ದಿವಾಳಿಯೆದ್ದಿತೆಂಬುದು ಬೇರೆ ಮಾತು. ಅದೇ 1997ರ ಆಗಸ್ಟ್ 15ರಂದು ನಮ್ಮ ದಾವಣಗೆರೆ ಜಿಲ್ಲೆಯೂ ಹುಟ್ಟಿತು. ಶಿವಮೊಗ್ಗ ಜಿಲ್ಲೆಯಿಂದ ಚನ್ನಗಿರಿ ಮತ್ತು ಹೊನ್ನಾಳಿ, ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ, ಹರಿಹರ ಮತ್ತು ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ ಬಂದು ಸೇರಿದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು. ಹೊನ್ನಾಳಿಯ ಮಡಿಲಿನಿಂದ ನ್ಯಾಮತಿ ಪ್ರತ್ಯೇಕ ತಾಲ್ಲೂಕಾಯಿತು. ಈ ನೆಲದಲ್ಲಿ ಮೂರೂವರೆ ದಶಕ ಬಳಪ ಹಿಡಿದವನಾದ ನನಗೆ, ಆ ಕಂಪನಿಯ ಮಾತನ್ನು ನಮ್ಮ ಶಾಲೆಗಳ ಚರಿತ್ರೆಯ ಮೇಲೆ ಒರೆಹಚ್ಚಿ ನೋಡಬೇಕೆನಿಸಿತು. ಹೆಸರು ಹೊಸದು, ಸಮಸ್ಯೆ ಮಾತ್ರ ನೂರೈವತ್ತು ವರ್ಷಗಳಿಗೂ ಹಳೆಯದು.

ಐಗಳು ಮತ್ತು ಹೋಬಳಿ ಶಾಲೆ

ಸರ್ಕಾರಿ ಶಾಲೆಗಳಿಗಿಂತ ಮೊದಲು ನಮ್ಮ ಹಳ್ಳಿಗಳಲ್ಲಿದ್ದದ್ದು ಕೂಲಿಮಠ. ಅಲ್ಲಿ ಪಾಠ ಹೇಳುವವರು ಐಗಳು. ಗುಡಿಯ ಪೌಳಿಯಲ್ಲೋ ಅನುಕೂಲಸ್ಥರ ಮನೆಯ ಪಡಸಾಲೆಯಲ್ಲೋ ಮಕ್ಕಳನ್ನು ಕೂರಿಸಿಕೊಂಡು, ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಬಾಯಿಪಾಠ ಮಾಡಿಸಿ, ಲೆಕ್ಕ ಕಲಿಸುತ್ತಿದ್ದರು. ಸುಗ್ಗಿಯಲ್ಲಿ ಬರುವ ಕಾಳುಕಡಿ, ಹಬ್ಬಕ್ಕೆ ಬರುವ ಕಾಣಿಕೆಯೇ ಅವರ ಸಂಬಳ. ಚೆನ್ನಾಗಿ ಕಲಿಸಿದರೆ ಊರು ಸಾಕುತ್ತಿತ್ತು, ಇಲ್ಲವಾದರೆ ಐಗಳು ಗಂಟುಮೂಟೆ ಕಟ್ಟುತ್ತಿದ್ದರು. ನೇಮಕಾತಿ, ಮೌಲ್ಯಮಾಪನ, ವಜಾ ಎಲ್ಲವೂ ಊರಿನ ಕೈಯಲ್ಲೇ. ಆದರೆ ಈ ವ್ಯವಸ್ಥೆಯನ್ನು ಕಣ್ಣುಮುಚ್ಚಿ ಹೊಗಳುವಂತಿಲ್ಲ. ಹೆಣ್ಣುಮಕ್ಕಳಿಗೂ ಕೆಳಗಿನವರೆಂದು ದೂರವಿಟ್ಟ ಜಾತಿಗಳ ಮಕ್ಕಳಿಗೂ ಆ ಪೌಳಿಯಲ್ಲಿ ಜಾಗವಿರಲಿಲ್ಲ. ಐಗಳನ್ನು ಅಳೆಯುವ ಊರು ಎಂದರೆ ಊರಿನ ಒಂದು ಭಾಗವಷ್ಟೇ.

ಮೈಸೂರು ಸಂಸ್ಥಾನದಲ್ಲಿ ಕಮಿಷನರರ ಆಡಳಿತವಿದ್ದ 1857ರಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಆರಂಭವಾದವು. ರೈಸ್ ಎಂದೊಡನೆ ನಮಗೆ ನೆನಪಾಗುವುದು ಶಾಸನಗಳು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನೂ, ಹನ್ನೊಂದನೆಯ ಸಂಪುಟದಲ್ಲಿ ಜಗಳೂರಿನ ಶಾಸನಗಳನ್ನೂ ಅಚ್ಚುಹಾಕಿಸಿದವರು ಅವರೇ. ಕಲ್ಲಿನ ಅಕ್ಷರ ಓದಿದ ಆ ಕೈಯೇ ಹಳ್ಳಿಯ ಮಕ್ಕಳಿಗೆ ಅಕ್ಷರದ ಏರ್ಪಾಟನ್ನೂ ಮಾಡಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಹೋಬಳಿ ಶಾಲೆಯ ಯೋಜನೆಯಲ್ಲಿ ಒಂದು ವಿವೇಕವಿತ್ತು. ಹೊರಗಿನಿಂದ ಅಪರಿಚಿತರನ್ನು ತಂದು ಹೇರದೆ, ಹಳ್ಳಿಗಳಲ್ಲಿ ಆಗಲೇ ಪಾಠ ಹೇಳುತ್ತಿದ್ದವರನ್ನೇ ಆರಿಸಿ ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಕಳಿಸುವುದು. ಇರುವ ಪ್ರತಿಭೆಯನ್ನು ಗುರುತಿಸಿ ತಿದ್ದುವ ಈ ಕ್ರಮವನ್ನು ಇಂದಿನವರು ಕಂಡಿದ್ದರೆ ಅದಕ್ಕೊಂದು ಇಂಗ್ಲಿಷ್ ಹೆಸರನ್ನಿಡುತ್ತಿದ್ದರು.

ಫಲಿತಾಂಶಕ್ಕೆ ತಕ್ಕ ಹಣ

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಪ್ರಯೋಗ ನಡೆಯುತ್ತಿತ್ತು. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ತಂದ ನಿಯಮದಂತೆ, ಇನ್‌ಸ್ಪೆಕ್ಟರು ಬಂದು ಮಕ್ಕಳನ್ನು ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸಿ, ಎಷ್ಟು ಮಕ್ಕಳು ತೇರ್ಗಡೆಯಾದರೋ ಅದಕ್ಕೆ ತಕ್ಕಂತೆ ಶಾಲೆಗೆ ಹಣ ಕೊಡುವುದು. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದು, ಇದನ್ನು ಬಲವಾಗಿ ವಿರೋಧಿಸಿದರು. ಶಿಕ್ಷಕರು ಇನ್‌ಸ್ಪೆಕ್ಟರು ಕೇಳುವಷ್ಟನ್ನೇ ಉರುಹೊಡೆಸತೊಡಗಿದರು, ಉಳಿದದ್ದೆಲ್ಲ ಬಿಟ್ಟುಹೋಯಿತು. ಮದ್ರಾಸ್ ಪ್ರಾಂತ್ಯದಲ್ಲಿಯೂ ಈ ಪದ್ಧತಿ ಬೇರೂರಿತ್ತು. ಇಂಗ್ಲೆಂಡು ಮಾತ್ರ ಆ ಶತಮಾನ ಮುಗಿಯುವುದರೊಳಗೆ ಅದನ್ನು ಕೈಬಿಟ್ಟಿತು.

ಪದ್ಧತಿ ಹೋದರೂ ಅದರ ನೆರಳು ಹೋಗಲಿಲ್ಲ. ನಾನು ಸೇವೆಗೆ ಸೇರಿದ 1976ರಲ್ಲಿಯೂ ‘ಇನ್‌ಸ್ಪೆಕ್ಷನ್’ ಎಂದರೆ ಶಾಲೆಗೆ ಸುಣ್ಣ ಬಳಿಯುವ, ದಾಖಲೆ ತಿದ್ದುವ, ಆರಿಸಿದ ನಾಲ್ಕು ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಹಬ್ಬವಾಗಿತ್ತು. ಪಾಠ ಹೇಗೆ ಮಾಡುತ್ತೀರಿ ಎಂದು ನಮ್ಮೊಡನೆ ಕುಳಿತು ಮಾತನಾಡಿದ ಅಧಿಕಾರಿಗಳು ಇದ್ದರು. ಆದರೆ ಅವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಮುಂದಿನ ಹೆಜ್ಜೆಗಳನ್ನು ಚುಟುಕಾಗಿ ಹೇಳುತ್ತೇನೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. 1930ರ ದಶಕದಲ್ಲಿ ಪ್ರಾಥಮಿಕ ಶಾಲೆಗಳ ಆಡಳಿತ ಸ್ಥಳೀಯ ಸಂಸ್ಥೆಗಳ ಕೈಗೆ ಹೋಗಿ, 1941ರಲ್ಲಿ ಮತ್ತೆ ಸರ್ಕಾರಕ್ಕೆ ಮರಳಿತು. ಶಿಕ್ಷಕರನ್ನು ಯಾರು ಆಳಬೇಕು ಎಂಬ ಪ್ರಶ್ನೆ ಹೀಗೆ ಹಲವು ಸಲ ಅತ್ತಿಂದಿತ್ತ ಓಡಾಡಿದೆ. ಶಿಕ್ಷಕನಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಅಷ್ಟು ಸಲ ಯಾರೂ ಕೇಳಲಿಲ್ಲ.

ಗುರುತಿಸಿದ ಕೈ, ಕಿತ್ತುಕೊಂಡ ಕೈ

ಟಿ.ಸಿ.ಎಚ್. ಮುಗಿಸಿದ ನನಗೆ ಮೊದಲು ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಒಂದು ಏಕೋಪಾಧ್ಯಾಯ ಶಾಲೆ. ಒಂದೇ ಕೊಠಡಿ, ನಾಲ್ಕು ತರಗತಿ, ಒಬ್ಬನೇ ಮೇಷ್ಟ್ರು. ಬರ ಬಂದ ವರ್ಷ ಮಕ್ಕಳು ತಂದೆತಾಯಿಯರೊಡನೆ ಗುಳೆ ಹೋಗುತ್ತಿದ್ದರು, ಹಾಜರಿ ಪುಸ್ತಕ ಖಾಲಿ ಕಾಣುತ್ತಿತ್ತು. ಅಲ್ಲಿ ಪ್ರತಿಭೆ ಎಂದರೆ ಮೂರು ತರಗತಿಗೆ ಏನಾದರೂ ಕೆಲಸ ಹಚ್ಚಿ ನಾಲ್ಕನೆಯದಕ್ಕೆ ಪಾಠ ಹೇಳುವ ಜಾಣ್ಮೆ. ಅದನ್ನು ನನಗೆ ಯಾವ ತರಬೇತಿಯೂ ಕಲಿಸಿರಲಿಲ್ಲ.

ಮುಂದೆ ನಾನು ಕೆಲಸ ಮಾಡಿದ ಒಂದು ದೊಡ್ಡ ಶಾಲೆಯಲ್ಲಿ ಹಿರಿಯರೊಬ್ಬರು ಮುಖ್ಯೋಪಾಧ್ಯಾಯರಾಗಿದ್ದರು. ಅವರು ನಿರ್ವಹಣಾ ಶಾಸ್ತ್ರದ ಒಂದು ಪುಟವನ್ನೂ ಓದಿದವರಲ್ಲ. ಜೂನ್ ತಿಂಗಳ ಮೊದಲ ವಾರ ನಮ್ಮನ್ನೆಲ್ಲ ಕೂರಿಸಿಕೊಂಡು, “ನಿಮಗೆ ಯಾವ ಪಾಠ ಹೇಳೋದು ಖುಷಿ, ಅದನ್ನ ಮೊದಲು ಹೇಳ್ರಿ ಮೇಷ್ಟ್ರೇ” ಎನ್ನುತ್ತಿದ್ದರು. ಕಂಠ ಚೆನ್ನಾಗಿದ್ದ ಶಿಕ್ಷಕಿ ಎಲ್ಲ ತರಗತಿಗಳಿಗೂ ಪದ್ಯ ಹೇಳಿಕೊಡುವರು. ಲೆಕ್ಕದಲ್ಲಿ ಗಟ್ಟಿಗರು ಐದರಿಂದ ಏಳನೆಯ ತರಗತಿಯ ಗಣಿತ ಹಿಡಿಯುವರು. ಬೇಸಾಯದ ಮನೆಯಿಂದ ಬಂದವರಿಗೆ ಶಾಲೆಯ ಕೈತೋಟ ಮತ್ತು ವಿಜ್ಞಾನ. ಸಣ್ಣ ಮಕ್ಕಳನ್ನು ಸಂಭಾಳಿಸುವ ತಾಳ್ಮೆಯಿದ್ದವರಿಗೆ ಒಂದನೆಯ ತರಗತಿ. ಅದನ್ನು ಅವರು ಶಿಕ್ಷೆಯೆಂದಲ್ಲ, ಗೌರವವೆಂದೇ ಹೇಳಿ ಒಪ್ಪಿಸುತ್ತಿದ್ದರು. ಸಂಬಳ ಒಂದು ಪೈಸೆಯೂ ಹೆಚ್ಚಲಿಲ್ಲ. ಆದರೂ ಆ ಶಾಲೆಯಲ್ಲಿ ರಜೆ ಹಾಕುವವರು ಕಡಿಮೆ, ಸಂಜೆ ಗಂಟೆ ಹೊಡೆದ ಮೇಲೂ ಉಳಿಯುವವರು ಹೆಚ್ಚು.

ಇದಕ್ಕೆ ವಿರುದ್ಧವಾದುದನ್ನೂ ಕಂಡಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಗಣಿತವನ್ನು ಕಥೆಯಂತೆ ಹೇಳುತ್ತಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದಂತೆ ಇತ್ತು, ಅದೇ ಅವರಿಗೆ ಮುಳುವಾಯಿತು. ಕಚೇರಿಯೊಂದು ಅವರನ್ನು ‘ತಾತ್ಕಾಲಿಕ ನಿಯೋಜನೆ’ಯ ಮೇಲೆ ಕರೆಸಿಕೊಂಡು ಪಟ್ಟಿ ಬರೆಯಲು ಕೂರಿಸಿತು. ತಾತ್ಕಾಲಿಕವೆಂಬುದು ವರ್ಷಗಳಾಯಿತು. ಅವರ ಸಂಬಳ ನಮ್ಮ ಶಾಲೆಯ ಲೆಕ್ಕದಲ್ಲೇ ಇತ್ತು, ಗಣಿತದ ಮೇಷ್ಟ್ರ ಕುರ್ಚಿ ಮಾತ್ರ ಖಾಲಿ.

ನನ್ನ ಅನುಭವದಲ್ಲಿ ನಮ್ಮ ವ್ಯವಸ್ಥೆಯ ಮೂಲ ದೋಷವಿರುವುದು ಇಲ್ಲಿಯೇ. ಪ್ರತಿಭೆಯನ್ನು ನಾವು ಗುರುತಿಸುವುದೇ ಇಲ್ಲ ಎನ್ನುವಂತಿಲ್ಲ, ಗುರುತಿಸಿದೊಡನೆ ತರಗತಿಯಿಂದ ಹೊರಗೆ ಕರೆದೊಯ್ಯುತ್ತೇವೆ. ಚೆನ್ನಾಗಿ ಪಾಠ ಮಾಡುವವರು ಸಂಪನ್ಮೂಲ ವ್ಯಕ್ತಿಯಾಗುತ್ತಾರೆ, ಚೆನ್ನಾಗಿ ಬರೆಯುವವರು ಕಚೇರಿಗೆ ಹೋಗುತ್ತಾರೆ, ಬಡ್ತಿ ಬಂದವರು ದಾಖಲೆ ನೋಡಿಕೊಳ್ಳುತ್ತಾರೆ. ಕಲಿಸುವುದರಲ್ಲೇ ಮೇಲೇರುವ ಮೆಟ್ಟಿಲು ನಮ್ಮಲ್ಲಿ ಇಲ್ಲ. ಹತ್ತು, ಹದಿನೈದು, ಇಪ್ಪತ್ತು ವರ್ಷಕ್ಕೆ ಸಿಗುವ ಕಾಲಮಿತಿ ಬಡ್ತಿ ಮತ್ತು ವಿಶೇಷ ವೇತನ ಬಡ್ತಿಗಳು ಸೇವೆಯ ವರ್ಷಗಳನ್ನು ಎಣಿಸುತ್ತವೆ, ಕಲಿಸಿದ ಗುಣವನ್ನಲ್ಲ. ಅವು ಬೇಡವೆಂದಲ್ಲ. ಸೇವಾ ಜ್ಯೇಷ್ಠತೆಯು ಪಕ್ಷಪಾತದಿಂದ ಸಾಮಾನ್ಯ ಶಿಕ್ಷಕನನ್ನು ಕಾಪಾಡಿದೆ. ಅದೊಂದೇ ಅಳತೆಗೋಲಾದದ್ದು ಮಾತ್ರ ಕೊರತೆ.

ಹೊಸ ಗಾಳಿ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ‘ಕಪ್ಪುಹಲಗೆ ಕಾರ್ಯಾಚರಣೆ’ ಬಂತು. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು ಎಂಬುದು ಅದರ ಗುರಿ. ಏಕೋಪಾಧ್ಯಾಯ ಶಾಲೆಯಲ್ಲಿ ಬೆಂದವರಿಗೆ ಇದರ ಬೆಲೆ ಗೊತ್ತು. ಜಿಲ್ಲೆಗೊಂದರಂತೆ ಡಯಟ್ ಸಂಸ್ಥೆಗಳು ಬಂದವು.

1994ರಿಂದ 1999ರವರೆಗೆ ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿದ್ದರು. ಆ ಅವಧಿಯ ಉತ್ತರಾರ್ಧದಲ್ಲಿ ಮುಖ್ಯಮಂತ್ರಿಯಾಗಿದ್ದವರು ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು. ಶಿಫಾರಸು, ಲಂಚಗಳಿಗೆ ಆಸ್ಪದವಿಲ್ಲದಂತೆ ಅರ್ಹತೆಯ ಮೇಲೆಯೇ ಶಿಕ್ಷಕರನ್ನು ಭಾರಿ ಸಂಖ್ಯೆಯಲ್ಲಿ ನೇಮಿಸಿದವರೆಂದು ಗೋವಿಂದೇಗೌಡರನ್ನು ನಾಡು ಇಂದಿಗೂ ನೆನೆಯುತ್ತದೆ. ಆಗ ಬಂದ ಕಿರಿಯರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಯಾರ ಋಣವೂ ಇಲ್ಲದೆ ಕೆಲಸಕ್ಕೆ ಬಂದವರ ನಡಿಗೆಯೇ ಬೇರೆ. ಹಣ ಕೊಟ್ಟು ಬಂದವನು ಮೊದಲ ದಿನದಿಂದಲೇ ಅದನ್ನು ಹಿಂದೆ ಪಡೆಯುವ ಯೋಚನೆಯಲ್ಲಿರುತ್ತಾನೆ, ಅಂಕದ ಮೇಲೆ ಬಂದವನಿಗೆ ತಲೆಯೆತ್ತಿ ನಿಲ್ಲುವ ಧೈರ್ಯವಿರುತ್ತದೆ. ಆಯ್ಕೆಯ ಶುದ್ಧಿಯು ಕೆಲಸದ ಗುಣದ ಮೇಲೆ ಬೀರುವ ಪರಿಣಾಮಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ಅದೇ ಕಾಲದ ಇನ್ನೊಂದು ಘಟನೆ ‘ನಲಿ-ಕಲಿ’. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಬಹುತರಗತಿ ಕಲಿಕೆಯ ಕ್ರಮವನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ತಮ್ಮ ತಾಲ್ಲೂಕಿಗೆ ಒಗ್ಗುವಂತೆ ಕಾರ್ಡು, ಏಣಿ, ಹಾಡುಗಳನ್ನು ತಾವೇ ರಚಿಸಿಕೊಂಡರು. ಮೇಲಿನಿಂದ ಇಳಿದ ಆದೇಶವಲ್ಲ, ತರಗತಿಯಿಂದ ಎದ್ದ ಆಲೋಚನೆ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಆಗ ಅದು ಆದೇಶವಾಗಿಯೇ ಬಂತು ಎಂಬುದನ್ನೂ ಹೇಳಬೇಕು. ತಾವೇ ಕಟ್ಟಿದವರ ಕೈಯಲ್ಲಿ ಕುಣಿದಾಡಿದ ಕಾರ್ಡುಗಳು, ಕೇವಲ ತರಬೇತಿ ಪಡೆದವರ ಕೈಯಲ್ಲಿ ಕೆಲವು ಕಡೆ ಪೆಟ್ಟಿಗೆಯಲ್ಲೇ ಉಳಿದವು. ಪ್ರತಿಭೆಯ ಫಲವನ್ನು ಹಂಚಬಹುದು, ಪ್ರತಿಭೆ ಅರಳಿದ ಸನ್ನಿವೇಶವನ್ನು ಹಂಚುವುದು ಕಷ್ಟ.

ನೀರು ಹರಿಯುವ ಕಡೆಗೆ

ಈಗ ನನ್ನ ಜಿಲ್ಲೆಯ ಮಾತಿಗೆ ಬರುತ್ತೇನೆ. ಪ್ರಾಥಮಿಕ ಶಾಲಾ ಶಿಕ್ಷಕರದು ಜಿಲ್ಲಾ ಮಟ್ಟದ ವೃಂದ. ಜೇಷ್ಠತಾ ಪಟ್ಟಿ, ಸಾಮಾನ್ಯ ವರ್ಗಾವಣೆ ಎಲ್ಲವೂ ಜಿಲ್ಲೆಯೊಳಗೆ. 1997ಕ್ಕೆ ಮೊದಲು ಜಗಳೂರಿನ ಶಿಕ್ಷಕನು ಚಿತ್ರದುರ್ಗ ಜಿಲ್ಲೆಯವನು, ಚನ್ನಗಿರಿಯವನು ಶಿವಮೊಗ್ಗದವನು. ಹೊಸ ಜಿಲ್ಲೆಯಾದ ಮೇಲೆ ಎರಡೂ ಒಂದೇ ಪಟ್ಟಿಗೆ ಬಂದವು. ನಕಾಶೆ ಬದಲಾದಂತೆ ಶಿಕ್ಷಕರ ಆಸೆಯ ದಾರಿಯೂ ಬದಲಾಯಿತು.

ಭದ್ರಾ ನಾಲೆಯ ನೀರು, ಸೂಳೆಕೆರೆ, ಅಡಿಕೆ ತೋಟಗಳ ಚನ್ನಗಿರಿ ಒಂದು ಕಡೆ. ತುಂಗಭದ್ರೆಯ ದಡದ ಹೊನ್ನಾಳಿ, ಅದರ ಪಕ್ಕದ ನ್ಯಾಮತಿ. ಇನ್ನೊಂದು ಕಡೆ ಮಳೆಯ ನೆರಳಿನ ಜಗಳೂರು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಜಗಳೂರೂ ಒಂದು. ಮಕ್ಕಳ ಓದು, ವೃದ್ಧ ತಂದೆತಾಯಿಯರ ಆಸ್ಪತ್ರೆ, ಬಸ್ಸಿನ ಸೌಕರ್ಯ, ಹೀಗೆ ಶಿಕ್ಷಕರಿಗೂ ಸಂಸಾರವಿದೆ. ನಾನೂ ಜಗಳೂರಿನಲ್ಲಿ ವರ್ಷಗಟ್ಟಲೆ ದುಡಿದು ಕೊನೆಗೆ ಹೊನ್ನಾಳಿ ಕಡೆಗೆ ವರ್ಗ ಪಡೆದವನೇ. ಬಿಟ್ಟುಬರುವವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ನಾನು ಕಂಡ ಶಾಲೆಗಳಲ್ಲಿ ಒಂದು ಕ್ರಮ ಕಾಣುತ್ತಿತ್ತು. ಕಿರಿಯರು ಮೊದಲು ಒಣನೆಲದ ಶಾಲೆಗೆ ಬರುವರು, ನಾಲ್ಕೈದು ವರ್ಷ ಪಾಠ ಹೇಳುತ್ತ ತಾವೂ ಕಲಿಯುವರು, ಕೈ ಪಳಗುವ ಹೊತ್ತಿಗೆ ವರ್ಗವಾಗಿ ಹೊರಡುವರು. ಮತ್ತೆ ಹೊಸಬರು. ಜಗಳೂರಿನ ಮಕ್ಕಳು ಶಿಕ್ಷಕರನ್ನು ತಯಾರು ಮಾಡಿ ನೀರಾವರಿ ಸೀಮೆಗೆ ಕಳುಹಿಸುತ್ತಿದ್ದರು ಎಂದರೆ ಅತಿಶಯವಲ್ಲ.

ವರ್ಗಾವಣೆಯು ರಾಜಕಾರಣಿಗಳ ಚೀಟಿಯ ಮೇಲೆ ನಡೆಯುತ್ತಿದ್ದ ಕಾಲವನ್ನು 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆ ಬದಲಾಯಿಸಿತು. ಊರುಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ, ಎಲ್ಲರೆದುರು ಕೌನ್ಸೆಲಿಂಗ್ ನಡೆಸಿ, ಖಾಲಿ ಜಾಗ ತೋರಿಸಿ ಆಯ್ಕೆಗೆ ಬಿಡುವ ಪದ್ಧತಿ ಬಂತು. 2020ರಲ್ಲಿ ಹೊಸ ಕಾಯಿದೆಯಾಯಿತು. ಕೈಕಟ್ಟಿ ನಿಲ್ಲುವ ಅವಮಾನ ತಪ್ಪಿದ್ದು ದೊಡ್ಡ ಉಪಕಾರ. ಆದರೆ ಕೌನ್ಸೆಲಿಂಗ್ ಎಂಬುದು ನ್ಯಾಯವಾಗಿ ಹಂಚುವ ತಕ್ಕಡಿಯೇ ಹೊರತು ಹೊಂದಿಸುವ ಕಣ್ಣಲ್ಲ. ಈ ಊರಿನ ಶಾಲೆಗೆ ಗಣಿತ ಬಲ್ಲವರು ಬೇಕು, ನ್ಯಾಮತಿ ಸೀಮೆಯ ತಾಂಡಾದ ಶಾಲೆಗೆ ಲಂಬಾಣಿ ಮಾತು ಅರ್ಥವಾಗುವವರು ಬೇಕು ಎಂಬುದನ್ನು ಆ ಪರದೆ ಕೇಳುವುದಿಲ್ಲ. ಸಂತ ಸೇವಾಲಾಲರ ಹುಟ್ಟೂರಾದ ಸೂರಗೊಂಡನಕೊಪ್ಪ ಇರುವ ಆ ಸೀಮೆಯಲ್ಲಿ, ಮನೆಯಲ್ಲಿ ಲಂಬಾಣಿ ಮಾತನಾಡುವ ಮಗು ಒಂದನೆಯ ತರಗತಿಯಲ್ಲಿ ಮೊದಲ ಬಾರಿಗೆ ಪುಸ್ತಕದ ಕನ್ನಡ ಕೇಳುತ್ತದೆ. ಅಲ್ಲಿ ಆ ಭಾಷೆ ಬಲ್ಲ ಶಿಕ್ಷಕನ ಒಂದು ಮಾತು ಹತ್ತು ತರಬೇತಿಗಳಿಗೆ ಸಮ.

ಅಳೆಯುವವರ ಲೆಕ್ಕ

2003ರಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ದಿಢೀರ್ ಭೇಟಿಯಿತ್ತ ಸಮೀಕ್ಷೆಯೊಂದು, ನಾಲ್ವರು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿರಲಿಲ್ಲ ಎಂದಿತು. ನಾವೆಲ್ಲ ತಲೆತಗ್ಗಿಸಬೇಕಾಯಿತು. 2017ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಆರು ರಾಜ್ಯಗಳ 619 ಶಾಲೆಗಳಲ್ಲಿ ಅಧ್ಯಯನ ನಡೆಸಿ ಇನ್ನೊಂದು ಮುಖ ತೋರಿಸಿತು. ಶಾಲೆಯಲ್ಲಿ ಇಲ್ಲದ ಶಿಕ್ಷಕರು ಸುಮಾರು ಶೇ. 18.5, ಆದರೆ ಕಾರಣವಿಲ್ಲದೆ ಗೈರಾದವರು ಕೇವಲ ಶೇ. 2.5ರಷ್ಟು. ಉಳಿದವರು ರಜೆ, ತರಬೇತಿ, ಇಲಾಖೆಯ ಕೆಲಸಗಳ ಮೇಲೆ ಹೋದವರು. ಸೋಮಾರಿ ಶಿಕ್ಷಕ ಎಂಬ ಚಿತ್ರಕ್ಕೂ, ತರಗತಿಯಿಂದ ಹೊರಗೆಳೆಯಲ್ಪಟ್ಟ ಶಿಕ್ಷಕ ಎಂಬ ಚಿತ್ರಕ್ಕೂ ಅಜಗಜಾಂತರವಿದೆಯಲ್ಲವೇ?

ಬೋನಸ್ಸಿನ ವಿಚಾರಕ್ಕೂ ಒಂದು ಪುರಾವೆಯಿದೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 2005ರಿಂದ ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳ ಕಲಿಕೆಯ ಏರಿಕೆಗೆ ತಕ್ಕಂತೆ ಶಿಕ್ಷಕರಿಗೆ ಸಣ್ಣ ಬೋನಸ್ ಕೊಟ್ಟು ನೋಡಿದರು. ಸರಾಸರಿ ವಾರ್ಷಿಕ ಸಂಬಳದ ಶೇ. 3ರಷ್ಟು. ಎರಡು ವರ್ಷದಲ್ಲಿ ಆ ಶಾಲೆಗಳ ಮಕ್ಕಳು ಗಣಿತ, ಭಾಷೆಗಳಲ್ಲಿ ಮುಂದಿದ್ದರು. ಬೋನಸ್ಸಿಗೆ ಸೇರದ ವಿಜ್ಞಾನ, ಸಮಾಜಗಳಲ್ಲಿಯೂ ಹಿಂದೆ ಬೀಳಲಿಲ್ಲ, ಮುಂದೆಯೇ ಇದ್ದರು. ಆದರೆ ಶಿಕ್ಷಕರ ಹಾಜರಿಯಲ್ಲಿ ಬದಲಾವಣೆ ಕಾಣಲಿಲ್ಲ. ಬಂದ ದಿನ ಹೆಚ್ಚು ಶ್ರಮವಹಿಸಿ ಕಲಿಸಿದ್ದರು. 1862ರ ಪದ್ಧತಿಯನ್ನು ಬಲ್ಲ ನನಗೆ ಹಣದ ಆಮಿಷದ ಬಗ್ಗೆ ಅನುಮಾನ ಪೂರ್ತಿ ಹೋಗಿಲ್ಲ. ಆದರೂ ಈ ಪ್ರಯೋಗ ಹೇಳುವ ಒಂದು ಮಾತನ್ನು ಒಪ್ಪುತ್ತೇನೆ. ತನ್ನ ದುಡಿಮೆಯನ್ನು ಯಾರೋ ನೋಡುತ್ತಿದ್ದಾರೆ ಎಂದು ತಿಳಿದಾಗ ಶಿಕ್ಷಕ ಇನ್ನಷ್ಟು ದುಡಿಯುತ್ತಾನೆ.

ಇಂದಿನ ಸ್ಥಿತಿ

ಮಕ್ಕಳ ಹಕ್ಕಿಗಾಗಿ 2009ರಲ್ಲಿ ಬಂದ ಕಾಯಿದೆಯು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎಂದಿತು. ಆದರೂ 2025ರ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರು ಬಹುಪಾಲು ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಸಮೀಕ್ಷೆ ಬೇಕು, ನಿಜ. ಪ್ರತಿಯೊಂದಕ್ಕೂ ಮೇಷ್ಟ್ರೇ ಬೇಕೆ ಎಂಬುದು ಪ್ರಶ್ನೆ.

2017ರ ವೃಂದ ಮತ್ತು ನೇಮಕಾತಿ ನಿಯಮಗಳು, ಒಂದರಿಂದ ಏಳನೆಯ ತರಗತಿಗೆಂದು ನೇಮಕವಾಗಿದ್ದ ಶಿಕ್ಷಕರನ್ನು ಒಂದರಿಂದ ಐದಕ್ಕೆ ಸೀಮಿತಗೊಳಿಸಿದವು. ಪದವಿ ಪಡೆದು ಹಿರಿಯ ತರಗತಿಗಳಿಗೆ ಪಾಠ ಹೇಳುತ್ತಲೇ ಬಂದವರಿಗೆ ಇದು ಹಿಂಬಡ್ತಿಯಂತೆ ಕಂಡದ್ದು ಸಹಜ. 2022ರಲ್ಲಿ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಬಂದು, ನ್ಯಾಯಾಲಯದ ಮೆಟ್ಟಿಲೇರಿ ತಡವಾಯಿತು. ಆ ನಡುವಿನ ತೆರವನ್ನು ತುಂಬಿದವರು ಅತಿಥಿ ಶಿಕ್ಷಕರು. ವರ್ಷಕ್ಕೊಮ್ಮೆ ಬಂದು, ಗೌರವಧನ ಪಡೆದು, ಮಾರ್ಚ್ ಮುಗಿದೊಡನೆ ಹೊರಡುವ ಆ ತರುಣ ತರುಣಿಯರಲ್ಲಿ ನಿಜವಾದ ಪ್ರತಿಭಾವಂತರನ್ನು ನಾನು ಕಂಡಿದ್ದೇನೆ. ಅವರ ಹೆಸರು ಯಾವ ಸೇವಾ ಪುಸ್ತಕದಲ್ಲೂ ಇಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದು ತೀರ್ಪಿತ್ತಿತು. ಇಪ್ಪತ್ತು ವರ್ಷ ಪಾಠ ಹೇಳಿದವರು ಮತ್ತೆ ಪರೀಕ್ಷೆಯ ಪುಸ್ತಕ ಬಿಚ್ಚುವ ಆತಂಕ ನನ್ನ ಕಿರಿಯ ಮಿತ್ರರ ಮಾತಿನಲ್ಲಿ ಕೇಳುತ್ತಿದೆ.

ಶಾಲಾ ಮಕ್ಕಳಿಗೆ ‘ಪ್ರತಿಭಾ ಕಾರಂಜಿ’ ಇದೆ. ಶಿಕ್ಷಕರ ಪ್ರತಿಭೆಗೆ ಇರುವುದು ಸೆಪ್ಟೆಂಬರ್ 5ರ ಹಾರ, ಶಾಲು ಮತ್ತು ಒಂದು ಪ್ರಶಸ್ತಿ. ಅದಕ್ಕೂ ಶಿಕ್ಷಕನೇ ಅರ್ಜಿ ಹಾಕಿ, ಕಡತ ಕಟ್ಟಿ, ತನ್ನನ್ನು ತಾನೇ ಹೊಗಳಿಕೊಂಡು ಕಳಿಸಬೇಕು. ಒಳ್ಳೆಯ ಶಿಕ್ಷಕರಲ್ಲಿ ಹಲವರಿಗೆ ಆ ಒಂದು ಕೆಲಸ ಮಾತ್ರ ಬರುವುದಿಲ್ಲ.

ನೂರೈವತ್ತು ವರ್ಷಗಳ ಈ ನಡಿಗೆಯನ್ನು ನೋಡಿದರೆ, ಆಯ್ಕೆಯಲ್ಲಿ ನಾವು ಬಹಳ ಮುಂದೆ ಬಂದಿದ್ದೇವೆ. ತರಬೇತಿಯಲ್ಲಿ ಸ್ವಲ್ಪ ಮುಂದೆ ಬಂದಿದ್ದೇವೆ. ತಕ್ಕ ಜಾಗದಲ್ಲಿ ಇರಿಸುವುದರಲ್ಲಿ, ಉಳಿಸಿಕೊಳ್ಳುವುದರಲ್ಲಿ ಮಾತ್ರ ಅಂದಿನ ಹೋಬಳಿ ಶಾಲೆಯ ವಿವೇಕವನ್ನೂ ಕಳೆದುಕೊಂಡಿದ್ದೇವೆ. ನನ್ನ ಸಲಹೆಗಳು ದೊಡ್ಡವೇನಲ್ಲ. ಜಗಳೂರಿನಂಥ ತಾಲ್ಲೂಕಿನಲ್ಲಿ ಸ್ವ‌ಇಚ್ಛೆಯಿಂದ ಹತ್ತು ವರ್ಷ ನಿಲ್ಲುವ ಶಿಕ್ಷಕರಿಗೆ ವಸತಿಯನ್ನೂ, ಒಂದು ವಿಶೇಷ ವೇತನ ಬಡ್ತಿಯನ್ನೂ ಕೊಡಲಿ. ತರಗತಿಯನ್ನು ಬಿಡದೆಯೇ ಮೇಲೇರುವ ‘ಹಿರಿಯ ಶಿಕ್ಷಕ’ ಎಂಬ ಮೆಟ್ಟಿಲೊಂದನ್ನು ನಿರ್ಮಿಸಲಿ. ಕಚೇರಿಗಳ ನಿಯೋಜನೆಗೆ ಕಟ್ಟುನಿಟ್ಟಿನ ಅವಧಿಯಿರಲಿ. ಶಾಲೆಯೊಳಗೆ ಕೆಲಸ ಹಂಚುವಾಗ ‘ಯಾವ ಪಾಠ ಹೇಳೋದು ಖುಷಿ’ ಎಂದು ಕೇಳುವ ಮುಖ್ಯೋಪಾಧ್ಯಾಯರು ಇರಲಿ. ಕೊನೆಯದಕ್ಕೆ ಯಾವ ಬಜೆಟ್ಟೂ ಬೇಡ, ಸರ್ಕಾರಿ ಆದೇಶವೂ ಬೇಡ. ಜೂನ್ ತಿಂಗಳ ಒಂದು ಮಧ್ಯಾಹ್ನ ಸಾಕು.